ಎಸ್‌ಎಂಎನ್2 ಜೀನ್ ಉಂಟು, ಆದರೂ ಸಾಲುವುದಿಲ್ಲ ಯಾಕೆ?

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ (ಸ್ನಾಯುಗಳು ಸೊರಗುತ್ತಾ ಹೋಗುವ ಜೀನ್ ಕಾಯಿಲೆ), ಅಂದರೆ ಎಸ್‌ಎಂಎ ಇರುವ ಮಕ್ಕಳ ಜೀನ್ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಸಾಲು ಇರುತ್ತವೆ. ಎಸ್‌ಎಂಎನ್1 ಜೀನಿನ 7ನೇ ಎಕ್ಸಾನ್ (ಜೀನಿನ ಒಂದು ತುಂಡು) ಇಲ್ಲ. ಅದನ್ನೇ ಹೋಲುವ ಎಸ್‌ಎಂಎನ್2 ಜೀನಿನ ಪ್ರತಿಗಳು ಎರಡೋ ಮೂರೋ ಇವೆ. ಮಂಗಳೂರಿನ ನಮ್ಮ ಕ್ಲಿನಿಕ್ಕಿಗೆ ಬರುವ ಅಪ್ಪ ಅಮ್ಮಂದಿರು ಎರಡನೇ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಡಾಕ್ಟ್ರೇ, ಒಂದು ಹೋದ್ರೂ ಇನ್ನೊಂದು ಉಂಟಲ್ವಾ?"

ತುಂಬಾ ಸರಿಯಾದ ಪ್ರಶ್ನೆ. ಸುಮ್ನೆ "ಅದು ಕೆಲಸಕ್ಕೆ ಬರೋದಿಲ್ಲ" ಅಂತ ಹೇಳಿ ಕಳಿಸಬಾರದು.

ಜೀನಿನಿಂದ ಮೊದಲು ಉದ್ದನೆಯ ಆರ್‌ಎನ್‌ಎ ತಯಾರಾಗುತ್ತದೆ. ಅದರಲ್ಲಿ ಬೇಡದ ಇಂಟ್ರಾನ್ ತುಂಡುಗಳನ್ನು ಕತ್ತರಿಸಿ ತೆಗೆದು, ಎಕ್ಸಾನ್‌ಗಳನ್ನು ಜೋಡಿಸುವುದೇ ಸ್ಪ್ಲೈಸಿಂಗ್. ಎಸ್‌ಎಂಎನ್2ರ 7ನೇ ಎಕ್ಸಾನಿನಲ್ಲಿ ಡಿಎನ್‌ಎಯ ಸಿ ಅಕ್ಷರ ಇರಬೇಕಾದಲ್ಲಿ ಟಿ ಇದೆ. ಆ ಒಂದು ಅಕ್ಷರದ ದೆಸೆಯಿಂದ ಹೆಚ್ಚಿನ ಸಲ ಇಡೀ ಎಕ್ಸಾನೇ ಬಿಟ್ಟುಹೋಗುತ್ತದೆ. ಹಾಗೆ ತಯಾರಾದ ಪ್ರೋಟೀನ್ ಬಾಳಿಕೆ ಬರುವುದಿಲ್ಲ.

ಆದರೆ ಎಲ್ಲವೂ ಅಕ್ಷರದಲ್ಲೇ ತೀರ್ಮಾನ ಆಗುವುದಿಲ್ಲ. ಡಿಎನ್‌ಎ ಹಿಸ್ಟೋನ್ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಒಂದೊಂದಕ್ಕೆ ಸುಮಾರು 147 ಅಕ್ಷರದಷ್ಟು. ಇದು ಕ್ರೋಮಾಟಿನ್. ನಮ್ಮ ಎಕ್ಸಾನ್‌ಗಳ ಸರಾಸರಿ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಈ ಉಂಡೆಗಳು ಎಕ್ಸಾನ್ ಇರುವಲ್ಲೇ ಜಾಸ್ತಿ ಅಂತ 2009ರಲ್ಲಿ ಹಲವು ತಂಡಗಳು ತೋರಿಸಿದವು. ಹಿಸ್ಟೋನಿಗೆ ಅಸಿಟೈಲ್ ಎಂಬ ರಾಸಾಯನಿಕ ಗುರುತು ಅಂಟಿದರೆ ಸುತ್ತು ಸಡಿಲವಾಗುತ್ತದೆ. ಕೆಲವು ಜಾಗದಲ್ಲಿ ಮೀಥೈಲ್ ಅಂಟಿದರೆ ಬಿಗಿಯಾಗುತ್ತದೆ. ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಸಡಿಲ ಇದ್ದಲ್ಲಿ ಓಡುತ್ತದೆ, ಬಿಗಿ ಇದ್ದಲ್ಲಿ ನಿಧಾನವಾಗುತ್ತದೆ.

ಸ್ಪ್ಲೈಸಿಂಗ್ ಬಹುಪಾಲು ಈ ಬರವಣಿಗೆಯ ಜೊತೆಜೊತೆಗೇ ನಡೆಯುತ್ತದೆ. ಹಾಗಾಗಿ ವೇಗಕ್ಕೆ ಬೆಲೆ ಇದೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ಪಾಂಗಾಳದಲ್ಲಿ ಕಾಯುವವರು ಹತ್ತಲಾಗುವುದಿಲ್ಲ, ನಿಂತು ನಿಂತು ಹೋಗುವ ಬಸ್ಸಿಗೆ ಹತ್ತುತ್ತಾರೆ, ಅಲ್ವಾ? ಪಾಲಿಮರೇಸ್ ನಿಧಾನವಾದಾಗ ಆರ್‌ಎನ್‌ಎಗೆ ಹತ್ತಿದ್ದು ಸ್ಪ್ಲೈಸಿಂಗಿಗೆ ಸಹಾಯ ಮಾಡುವ ಪ್ರೋಟೀನ್ ಆದರೆ ಎಕ್ಸಾನ್ ಉಳಿಯುತ್ತದೆ. ತಡೆಯುವ ಪ್ರೋಟೀನ್ ಆದರೆ ಬಿಟ್ಟುಹೋಗುತ್ತದೆ. ಎಸ್‌ಎಂಎನ್2ರ 7ನೇ ಎಕ್ಸಾನ್ ಎರಡನೇ ಬಗೆಯದು, ಅದಕ್ಕೆ ವೇಗವೇ ಒಳ್ಳೆಯದು. (ಕೆಲವು ಜೀನ್‌ಗಳಲ್ಲಿ ಹಿಸ್ಟೋನ್ ಗುರುತೇ ತಡೆಯುವ ಪ್ರೋಟೀನನ್ನು ಕರೆತರುತ್ತದೆ. ಎಫ್‌ಜಿಎಫ್‌ಆರ್2 ಜೀನಿನಲ್ಲಿ ಇದು 2010ರಲ್ಲಿ ಕಂಡುಬಂತು.)

ಈಗ ಔಷಧದ ವಿಷಯ. ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ನುಸಿನೆರ್ಸೆನ್ ಅನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಅದು ಎಸ್‌ಎಂಎನ್2 ಆರ್‌ಎನ್‌ಎಗೆ ಅಂಟಿಕೊಂಡು, ತಡೆಯುವ ಪ್ರೋಟೀನಿಗೆ ಜಾಗ ಇಲ್ಲದ ಹಾಗೆ ಮಾಡುತ್ತದೆ. ಎಕ್ಸಾನ್ ಉಳಿಯುತ್ತದೆ. ಆದರೆ 2022ರಲ್ಲಿ ವಿಜ್ಞಾನಿಗಳಾದ ಆಲ್ಬರ್ಟೊ ಕಾರ್ನ್‌ಬ್ಲಿಟ್ ಮತ್ತು ಏಡ್ರಿಯನ್ ಕ್ರೈನರ್ ತಂಡಗಳು ಇನ್ನೊಂದು ಸಂಗತಿ ಕಂಡುಕೊಂಡವು. ಇದೇ ಔಷಧ ಆ ಜೀನಿನ ಮೇಲೆ ಬಿಗಿ ಮಾಡುವ ಮೀಥೈಲ್ ಗುರುತನ್ನೂ ಹೆಚ್ಚಿಸುತ್ತದೆ, ಪಾಲಿಮರೇಸಿಗೆ ಅಡ್ಡಿಯಾಗುತ್ತದೆ. ಅಸಿಟೈಲ್ ಗುರುತು ಹೆಚ್ಚಿಸುವ ವಾಲ್‌ಪ್ರೊಯಿಕ್ ಆಸಿಡ್ ಜೊತೆಗೆ ಕೊಟ್ಟಾಗ ಆ ಅಡ್ಡಿ ಹೋಯಿತು, ಇಲಿಗಳಲ್ಲಿ ಫಲ ಇನ್ನೂ ಚೆನ್ನಾಗಿ ಬಂತು. ನನಗೆ ಇದು ಈ ಕ್ಷೇತ್ರದ ಅತ್ಯಂತ ಭರವಸೆಯ ಕೆಲಸಗಳಲ್ಲಿ ಒಂದು.

ವಾಲ್‌ಪ್ರೊಯಿಕ್ ಆಸಿಡ್ ಫಿಟ್ಸಿಗೆ ಕೊಡುವ ಹಳೆಯ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದಕ್ಕೇ ಒತ್ತಿ ಹೇಳುತ್ತೇನೆ: ನೀವಾಗಿ ತಂದು ಮಗುವಿಗೆ ಕೊಡಬೇಡಿ. ನುಸಿನೆರ್ಸೆನ್ ಬರುವ ಮೊದಲು ಇದೊಂದನ್ನೇ ನಂಬಿ ಎಸ್‌ಎಂಎ ಮಕ್ಕಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಲಿವರಿಗೆ ಪೆಟ್ಟು ಬೀಳುವ ಅಪಾಯ ಎರಡು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ.