ತಿಳಿ ನೀರಿಗೂ ಕ್ಲೋರಿನ್ ಬೇಕೆ? ಮೀಟರನ್ನು ನಂಬಿದವರಿಗೆ ಮತ್ತೊಮ್ಮೆ ಉತ್ತರ

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರು ಪಾತ್ರೆಯ ತಳ ಕಾಣುವಷ್ಟು ತಿಳಿಯಾಗಿದೆ. ಟಿಡಿಎಸ್ ಮೀಟರ್ 140 ತೋರಿಸುತ್ತದೆ. ಇಷ್ಟು ಶುದ್ಧವಾದ ನೀರಿಗೂ ಕ್ಲೋರಿನ್ ಹಾಕಲೇಬೇಕು ಎಂದು ತರಬೇತಿಯಲ್ಲಿ ಹೇಳುತ್ತೀರಲ್ಲ, ಏಕೆ?

ಈ ಪ್ರಶ್ನೆ ಬಂದಾಗಲೆಲ್ಲ ಹಿಂದೊಮ್ಮೆ ಬರೆದ ಉತ್ತರವನ್ನೇ ತೋರಿಸಿ ಸುಮ್ಮನಾಗೋಣ ಎನಿಸುತ್ತದೆ. ಆದರೆ ಕೇಳುವವರು ಪ್ರತಿ ಸಲವೂ ಬೇರೆಯವರು. ಅವರಲ್ಲಿ ನನ್ನ ಬಳಿ ನೀರಿನ ನಿರ್ವಾಹಕರ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರೂ ಇರುತ್ತಾರೆ ಎನ್ನುವುದು ನನ್ನ ಪಾಠದ ಮೇಲೇ ಒಂದು ಷರಾ ಬರೆದಂತಿದೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಚಿಕ್ಕ ಉತ್ತರ: ಬೇಕು. ಕ್ಲೋರಿನ್ ಯಾವುದನ್ನು ಕೊಲ್ಲಲು ಹಾಕುತ್ತೇವೋ ಅದರ ಬಗ್ಗೆ ನಿಮ್ಮ ಕಣ್ಣಾಗಲಿ ನಿಮ್ಮ ಮೀಟರಾಗಲಿ ಏನನ್ನೂ ಹೇಳಲಾರದು.

ಮೊದಲು ಮೀಟರಿನ ವಿಚಾರ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು. ಆದರೆ ಕೈಯಲ್ಲಿ ಹಿಡಿಯುವ ಆ ಪುಟ್ಟ ಉಪಕರಣ ಘನವಸ್ತುವನ್ನು ತೂಗುವುದೇ ಇಲ್ಲ. ಅದರ ತುದಿಯಲ್ಲಿರುವ ಎರಡು ಲೋಹದ ಕಡ್ಡಿಗಳ ನಡುವೆ ನೀರು ಎಷ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಅಳೆದು, ಆ ಅಂಕಿಯನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಗುಣಕದಿಂದ ಗುಣಿಸಿ ಪರದೆಯ ಮೇಲೆ ತೋರಿಸುತ್ತದೆ. ಅಂದರೆ ಅದು ಊಹಿಸುವುದು ಉಪ್ಪಿನಂತೆ ಅಯಾನುಗಳಾಗಿ, ಅಂದರೆ ವಿದ್ಯುತ್ತನ್ನು ಒಯ್ಯುವ ಕಣಗಳಾಗಿ ಒಡೆಯುವ ಖನಿಜಗಳನ್ನು ಮಾತ್ರ.

ತರಗತಿಯಲ್ಲಿ ಇದನ್ನು ನಾನು ಮಾತಿನಲ್ಲಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಒಂದು ಲೋಟ ಬಟ್ಟಿ ಇಳಿಸಿದ ನೀರನ್ನು ಮೇಜಿನ ಮೇಲಿಟ್ಟು ಮೀಟರ್ ಅದ್ದುತ್ತೇನೆ. ಎರಡೋ ಮೂರೋ ತೋರಿಸುತ್ತದೆ. ಆಮೇಲೆ ಎರಡು ಚಮಚ ಸಕ್ಕರೆ ಹಾಕಿ, ಪೂರ್ತಿ ಕರಗುವವರೆಗೆ ಕದಡಿ, ಮತ್ತೆ ಅದ್ದುತ್ತೇನೆ. ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ‘ಕರಗಿದ ಘನವಸ್ತು’ ಎಂಬ ಹೆಸರು ಹೊತ್ತ ಉಪಕರಣಕ್ಕೆ ಕಣ್ಣೆದುರೇ ಕರಗಿದ ಎರಡು ಚಮಚ ಸಕ್ಕರೆ ಗೊತ್ತಾಗಲಿಲ್ಲ, ಏಕೆಂದರೆ ಸಕ್ಕರೆ ಅಯಾನುಗಳಾಗಿ ಒಡೆಯುವುದಿಲ್ಲ. ಇಷ್ಟಾದ ಮೇಲೆ ಇನ್ನೊಂದು ಲೋಟದಲ್ಲಿ ಒಂದು ಚಿಟಿಕೆ ಉಪ್ಪು ಹಾಕಿದರೆ ಮೀಟರ್ ನೂರುಗಟ್ಟಲೆ ಜಿಗಿಯುತ್ತದೆ. ಮೂರನೆಯದಾಗಿ, ಒಂದು ಲೀಟರ್ ಶುದ್ಧ ನೀರಿಗೆ ಚರಂಡಿಯ ನೀರನ್ನು ಒಂದು ಚಮಚದಷ್ಟು ಬೆರೆಸುತ್ತೇನೆ. ಮೀಟರ್ ನಾಲ್ಕೈದು ಅಂಕಿ ಮೇಲೇರಿ ನಿಂತುಬಿಡುತ್ತದೆ. ಈ ಮೂರರಲ್ಲಿ ಯಾವುದನ್ನು ಕುಡಿಯುತ್ತೀರಿ ಎಂದು ಕೇಳಿದಾಗ ಹಿಂದಿನ ಬೆಂಚಿನವರೂ ನಗುತ್ತಾರೆ. ಅದೇ ಜನ ಮೂರು ತಿಂಗಳ ನಂತರ ಫೋನ್ ಮಾಡಿ, “ಸಾರ್, ಟಿಡಿಎಸ್ ಚೆನ್ನಾಗಿದೆ, ಕ್ಲೋರಿನ್ ನಿಲ್ಲಿಸಬಹುದೇ?” ಎಂದು ಕೇಳುತ್ತಾರೆ.

ಲೆಕ್ಕದಲ್ಲೇ ನೋಡಬೇಕೆನ್ನುವವರಿಗೆ ಲೆಕ್ಕವೂ ಇದೆ. ಮಲದಿಂದ ನೀರಿಗೆ ಸೇರುವ ಇ. ಕೋಲೈ ಎಂಬ ಒಂದು ಬ್ಯಾಕ್ಟೀರಿಯಾದ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಸುಮಾರು ಒಂದು ಪಾಲು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇದು ಒಂದೂ ಸಿಗಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದರ ಬದಲು 10 ಲಕ್ಷ ಇವೆ ಎಂದೇ ಇಟ್ಟುಕೊಳ್ಳಿ. ಆಗಲೂ ಅವೆಲ್ಲದರ ತೂಕ ಲೀಟರಿಗೆ 0.01 ಮಿಲಿಗ್ರಾಂ ಆಗುತ್ತದೆ. ನಿಮ್ಮ ಮೀಟರಿನ ಅತಿ ಚಿಕ್ಕ ಹೆಜ್ಜೆಯೇ 1 ಮಿಲಿಗ್ರಾಂ. ಸಾಲದ್ದಕ್ಕೆ ಬ್ಯಾಕ್ಟೀರಿಯಾ ಕರಗಿದ ವಸ್ತುವೂ ಅಲ್ಲ, ನೀರಿನಲ್ಲಿ ತೇಲುವ ಜೀವಿ. ಕಾಕತಾಳೀಯವೆಂಬಂತೆ, ಆರ್ಸೆನಿಕ್‌ಗೆ ಅದೇ ಸಂಸ್ಥೆ ಸೂಚಿಸಿರುವ ಮಿತಿಯೂ ಲೀಟರಿಗೆ 0.01 ಮಿಲಿಗ್ರಾಂ, ಅದರ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಮೀಟರ್ ಕದಲುವುದಿಲ್ಲ. ಟಿಡಿಎಸ್‌ಗೆ ಮಾತ್ರ ಆ ಸಂಸ್ಥೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ಇಟ್ಟಿಲ್ಲ. 600ರೊಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿತವಾಗುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ರುಚಿಯ ಅಳತೆಯನ್ನು ಶುದ್ಧತೆಯ ಅಳತೆಯೆಂದು ತಿಳಿದದ್ದೇ ಎಲ್ಲ ಗೊಂದಲಕ್ಕೆ ಮೂಲ.

ಇನ್ನು ಕಣ್ಣಿನ ಸಾಕ್ಷಿ. ನೀರಿನ ಕಲಕುತನವನ್ನು ಎನ್‌ಟಿಯು ಎಂಬ ಮಾನದಲ್ಲಿ ಅಳೆಯುತ್ತೇವೆ. ಸುಮಾರು 4 ಎನ್‌ಟಿಯು ಆಗುವವರೆಗೆ ನಮ್ಮ ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಆದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡಬೇಕಾದರೆ ಅದು 1ಕ್ಕಿಂತ ಕಡಿಮೆ ಇರುವುದು ಒಳ್ಳೆಯದು, ಏಕೆಂದರೆ ಕಣಗಳ ಮರೆಯಲ್ಲಿ ಕುಳಿತ ರೋಗಾಣುವಿಗೆ ಕ್ಲೋರಿನ್ ತಲುಪುವುದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನ ಭೇದಿಯಿಂದ ಮಲಗಿದಾಗ, ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನ ಕಲಕುತನ ಏರಿದ್ದು 1.7ರವರೆಗೆ. ಲೋಟದಲ್ಲಿ ಹಿಡಿದು ಬೆಳಕಿಗೆ ತೋರಿಸಿದರೆ ನೀವೂ ನಾನೂ ಅದನ್ನು ತಿಳಿನೀರೆಂದೇ ಹೇಳುತ್ತಿದ್ದೆವು. ಅದಕ್ಕೆ ಕ್ಲೋರಿನ್ ಹಾಕಲಾಗಿತ್ತು ಎಂಬುದನ್ನೂ ಮುಚ್ಚಿಡಬಾರದು: ಅಲ್ಲಿ ದಾಟಿಬಂದ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ನಿಗೆ ಜಗ್ಗುವುದಿಲ್ಲ; ಅದನ್ನು ತಡೆಯಬೇಕಾದದ್ದು ಮರಳಿನ ಫಿಲ್ಟರು. ಸಣ್ಣ ಕಣಗಳನ್ನು ಫಿಲ್ಟರಿಗೆ ಸಿಗುವಂತೆ ಒಟ್ಟುಗೂಡಿಸುವ ಪಟಿಕದ ಪ್ರಮಾಣ ನಿರ್ಧರಿಸುವ ಜಾರ್ ಪರೀಕ್ಷೆಗೆ ತರಬೇತಿಯಲ್ಲಿ ಅಷ್ಟೊಂದು ಸಮಯ ಏಕೆ ಎಂದು ಗೊಣಗುವವರು ಇದನ್ನು ನೆನಪಿಡಬೇಕು.

ರುಚಿ, ತಿಳಿ ಎರಡನ್ನೂ ನಂಬಿದವರ ಕಥೆ ಇದಕ್ಕಿಂತ ಹಳೆಯದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಾಲರಾ ಹರಡಿದಾಗ, ಅಲ್ಲಿಂದ ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತದ್ದು ವೈದ್ಯ ಜಾನ್ ಸ್ನೋ ಅವರಿಗೆ ಒಗಟಾಗಿತ್ತು. ವಿಚಾರಿಸಿದಾಗ ತಿಳಿದದ್ದು, ಆಕೆಗೆ ಆ ಪಂಪಿನ ನೀರಿನ ರುಚಿ ಬಹಳ ಮೆಚ್ಚುಗೆಯಾಗಿದ್ದು, ಅದನ್ನು ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು ಎಂದು.

ಕೊಳವೆಬಾವಿಯ ನೀರು ಭೂಮಿಯೊಳಗೇ ಸೋಸಿ ಬರುತ್ತದಲ್ಲ ಎಂಬ ವಾದ ಪೂರ್ತಿ ಸುಳ್ಳಲ್ಲ. ಆಳವಾದ, ಮೇಲ್ಭಾಗದ ಕೇಸಿಂಗ್ ಸರಿಯಾಗಿರುವ ಬಾವಿಯಲ್ಲಿ ರೋಗಾಣುಗಳು ಇಲ್ಲದಿರಬಹುದು. ಆದರೆ ಜನ ಕುಡಿಯುವುದು ಬಾವಿಯ ಬಾಯಿಂದಲ್ಲ, ನಲ್ಲಿಯಿಂದ. ನಡುವೆ ಟ್ಯಾಂಕು ಇದೆ, ಜೋಡಣೆ ಸಡಿಲವಾದ ಪೈಪುಗಳಿವೆ, ದಿನದಲ್ಲಿ ಕೆಲವು ಗಂಟೆ ಮಾತ್ರ ನೀರು ಬಿಡುವ ಕಡೆ ಒತ್ತಡ ಇಳಿದಾಗ ಸುತ್ತಲಿನ ಕೊಳೆನೀರನ್ನು ಒಳಗೆ ಎಳೆದುಕೊಳ್ಳುವ ಬಿರುಕುಗಳಿವೆ. ಸೋಸುವುದು, ಕುದಿಸುವುದು, ನೇರಳಾತೀತ ಕಿರಣ ಹಾಯಿಸುವುದು ಎಲ್ಲವೂ ಆ ಕ್ಷಣದ ಚಿಕಿತ್ಸೆಗಳು. ನೀರಿನ ಜೊತೆ ನಲ್ಲಿಯವರೆಗೆ ನಡೆದು ಬರುವುದು ಉಳಿಕೆ ಕ್ಲೋರಿನ್, ಅಂದರೆ ಮೊದಲ ಕೆಲಸ ಮುಗಿದ ಮೇಲೂ ನೀರಿನಲ್ಲಿ ಉಳಿದ ಕ್ಲೋರಿನ್, ಒಂದೇ. ಪೈಪಿನ ಕೊನೆಯ ಮನೆಯಲ್ಲೂ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುವುದು ಅದಕ್ಕಾಗಿಯೇ. ಅದಕ್ಕೂ ಮೊದಲು, ಟ್ಯಾಂಕಿನಲ್ಲಿ ಕ್ಲೋರಿನ್ ಬೆರೆತ ನೀರಿಗೆ ಅರ್ಧ ಗಂಟೆಯ ಬಿಡುವು ಕೊಟ್ಟು, ಆ ಹೊತ್ತಿಗೆ 0.5 ಮಿಲಿಗ್ರಾಂ ಉಳಿದಿದೆಯೇ ಎಂದು ನೋಡಬೇಕು. ನೀರಿನ ಪಿಎಚ್ 8ಕ್ಕಿಂತ ಕಡಿಮೆ ಇರಬೇಕು.

ಎಷ್ಟು ಹಾಕಬೇಕು ಎಂಬುದಕ್ಕೆ ಒಂದೇ ಅಂಕಿ ಕೊಡಿ ಎಂದು ಪೀಡಿಸುವವರಿಗೂ ಒಂದು ಉದಾಹರಣೆ. 10,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಬೇಕಾಗುವ ಕ್ಲೋರಿನ್ 20 ಗ್ರಾಂ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಅಂಶ ಶೇ. 30 ಇದ್ದರೆ 67 ಗ್ರಾಂ ಪುಡಿ ಸಾಕು. ಅದೇ ಚೀಲವನ್ನು ಬಾಯಿ ಬಿಚ್ಚಿಟ್ಟು, ತೇವ ತಗಲಿ, ಅಂಶ ಶೇ. 15ಕ್ಕೆ ಇಳಿದಿದ್ದರೆ 133 ಗ್ರಾಂ ಬೇಕು. ಪುಡಿ ನೋಡಲು ಎರಡೂ ಒಂದೇ ಬಿಳಿ. ಅಳೆಯದೆ ‘ಎರಡು ಹಿಡಿ’ ಲೆಕ್ಕದಲ್ಲಿ ಹಾಕುವವರಿಗೆ ನಾನು ಹೇಳಿಕೊಡಲು ಏನೂ ಇಲ್ಲ.

ಇಲ್ಲಿಂದ ಯಾರೂ ಕೇಳದ, ಆದರೆ ಎಲ್ಲರೂ ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ: ಪರೀಕ್ಷೆಯಲ್ಲಿ ಉಳಿಕೆ ಕ್ಲೋರಿನ್ ಸೊನ್ನೆ ಬಂದರೆ ದಾಖಲೆ ಪುಸ್ತಕದಲ್ಲಿ ಸೊನ್ನೆ ಎಂದೇ ಬರೆಯಬಹುದೇ? ನನ್ನ ಅನುಭವದಲ್ಲಿ ಸೊನ್ನೆ ಬರೆದ ಪುಟಗಳು ತೀರ ಅಪರೂಪ; ತಿಂಗಳುಗಟ್ಟಲೆ ಒಂದೇ 0.5, ಒಂದೇ ಶಾಯಿ, ಒಂದೇ ಓರೆಯಲ್ಲಿ ಇಳಿದುಬಂದಿರುತ್ತದೆ. ಸೊನ್ನೆ ಬರೆದರೆ ಬೈಗುಳ ಬೀಳುತ್ತದೆ ಎಂಬ ಭಯವೇ ಇದಕ್ಕೆ ಕಾರಣ. ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್‌ಟನ್ ಎಂಬ ಸುಮಾರು 5,000 ಜನರ ಊರಿನಲ್ಲಿ ನಿರ್ವಾಹಕರು ಅಳೆಯದೆಯೇ 0.5 ಅಥವಾ 0.75 ಎಂದು ಬರೆಯುವುದು ರೂಢಿಯಾಗಿತ್ತು. ಅವರು ದುಷ್ಟರೇನೂ ಆಗಿರಲಿಲ್ಲ. ಬಾವಿಯ ನೀರು ತಿಳಿಯಾಗಿದೆ, ಕ್ಲೋರಿನ್ ಇಲ್ಲದಿದ್ದರೂ ಸುರಕ್ಷಿತ ಎಂದು ನಂಬಿ ತಾವೇ ಅದನ್ನು ಹಾಗೆಯೇ ಕುಡಿಯುತ್ತಿದ್ದರು. ಪರೀಕ್ಷೆ ಬರೆಯದೆ, ಸೇವಾ ಅನುಭವದ ಮೇಲೆ ಪರವಾನಗಿ ಪಡೆದಿದ್ದವರಿಗೆ ಅದು ತಪ್ಪೆಂದು ಹೇಳಿಕೊಟ್ಟವರೂ ಇರಲಿಲ್ಲ. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು, ಪಕ್ಕದ ಜಮೀನಿನ ದನದ ಗೊಬ್ಬರದ ರೋಗಾಣುಗಳು ಆಳವಿಲ್ಲದ ಒಂದು ಬಾವಿಗೆ ಇಳಿದವು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ಅಲ್ಲಿ ಈಗ ನೀರಿನ ನಿರ್ವಾಹಕರಿಗೆಂದೇ ಒಂದು ತರಬೇತಿ ಕೇಂದ್ರವಿದೆ.

ಸೊನ್ನೆಯಲ್ಲೂ ಎರಡು ಬಗೆ ಇರುವುದರಿಂದ ಈ ವಿಷಯ ಇನ್ನಷ್ಟು ನಾಜೂಕು. ಉಳಿಕೆ ಕ್ಲೋರಿನ್ ಪರೀಕ್ಷಿಸುವ ಡಿಪಿಡಿ ಮಾತ್ರೆಯನ್ನು ಮಾದರಿ ನೀರಿಗೆ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಕ್ಲೋರಿನ್ ವಿಪರೀತವಾಗಿದ್ದರೆ ಅದೇ ಕ್ಲೋರಿನ್ ಆ ಬಣ್ಣವನ್ನು ಬಿಳುಚಿಸಿ, ಪರೀಕ್ಷೆಯ ಕೊಳವೆ ಮತ್ತೆ ಬಣ್ಣವಿಲ್ಲದಂತೆ ಕಾಣುತ್ತದೆ. ಒಂದು ಘಟಕದಲ್ಲಿ ನಿರ್ವಾಹಕರೊಬ್ಬರು ಸೊನ್ನೆ ಬಂತೆಂದು ಪುಡಿ ಹೆಚ್ಚಿಸಿ, ಮತ್ತೆ ಸೊನ್ನೆ ಬಂತೆಂದು ಇನ್ನಷ್ಟು ಹೆಚ್ಚಿಸಿ, ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದರೆ ಕಣ್ಣು ಉರಿಯುವಂತೆ ಮಾಡಿದ್ದನ್ನು ಕಂಡಿದ್ದೇನೆ. ಅವರನ್ನು ನಾನು ಬೈಯಲಿಲ್ಲ. ಅವರು ಪ್ರತಿ ಸಲವೂ ಅಳೆದಿದ್ದರು, ಕಂಡದ್ದನ್ನೇ ಬರೆದಿದ್ದರು, ಹಾಗಾಗಿ ತಪ್ಪು ಎಲ್ಲಿ ಶುರುವಾಯಿತೆಂದು ಪುಸ್ತಕ ನೋಡಿಯೇ ಗೊತ್ತಾಯಿತು. ಮಾತ್ರೆ ಹಾಕಿದ ಕ್ಷಣ ಗುಲಾಬಿ ಮಿಂಚಿ ಮಾಯವಾಯಿತೇ ಎಂಬುದನ್ನು ಮಾತ್ರ ಅವರು ಗಮನಿಸಿರಲಿಲ್ಲ.

ಸೊನ್ನೆ ಬಂದಾಗ ಮಾಡಬೇಕಾದದ್ದು ಹೀಗೆ: ಒಂದು ಪಾಲು ಮಾದರಿಗೆ ಒಂಬತ್ತು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ, ಹೊಸ ಮಾತ್ರೆ ಹಾಕಿ, ಒಂದು ನಿಮಿಷದೊಳಗೆ ಬಣ್ಣ ಓದಿ. ಗುಲಾಬಿ ಬಂದರೆ ಆ ಅಂಕಿಯನ್ನು ಹತ್ತರಿಂದ ಗುಣಿಸಿ, ಪುಡಿ ಹಾಕುವುದನ್ನು ತಡೆಯಿರಿ. ಆಗಲೂ ಬಣ್ಣ ಬರದಿದ್ದರೆ ನಿಮ್ಮದು ನಿಜವಾದ ಸೊನ್ನೆ. ಅದನ್ನು ಸಮಯದ ಸಮೇತ ಹಾಗೆಯೇ ಬರೆದು, ಮೇಲಧಿಕಾರಿಗೆ ತಿಳಿಸಿ, ನೀರು ಬಿಡುವ ವಾಲ್ವಿಗೆ ಕೈ ಹಾಕುವ ಮೊದಲು ಮತ್ತೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಕಾಯಿರಿ.