ಉಪ್ಪಿಲ್ಲದೆ ಸಕ್ಕರೆ ಕೆಲಸ ಮಾಡದು: ಭೇದಿಯಾದಾಗ ಕರುಳಿನ ಪೊರೆಯಲ್ಲಿ ನಡೆಯುವುದೇನು?

ಮಳೆ ಹಿಡಿದು ಬಾವಿಗೆ ಮೇಲ್ನೀರು ಸೇರುವ ಹೊತ್ತಿಗೆ ಮಂಗಳೂರಿನ ಕ್ಲಿನಿಕ್‌ಗಳಲ್ಲಿ ವಾಂತಿ-ಭೇದಿಯ ಮಕ್ಕಳು ಹೆಚ್ಚು. "ನೀರು ಕೊಡ್ತಾ ಉಂಟು ಡಾಕ್ಟ್ರೇ, ಕುಡಿದದ್ದೆಲ್ಲ ಹೊರಗೆ ಹೋಗ್ತದೆ" ಎಂದು ತಾಯಂದಿರು ಹೇಳುತ್ತಾರೆ. ಅವರು ಕಂಡದ್ದು ಸರಿ. ಬರೀ ನೀರನ್ನು ಒಳಗೆಳೆದುಕೊಳ್ಳಲು ಕರುಳಿಗೆ ಬೇರೆ ಪಂಪ್ ಇಲ್ಲ. ಉಪ್ಪು ಹೋದ ಕಡೆಗೆ ನೀರು ಹೋಗುತ್ತದೆ, ಅಷ್ಟೆ.

ಜೀವಕೋಶದ ಪೊರೆ ಎಂದರೆ ಎರಡು ಸಾಲು ಕೊಬ್ಬಿನ ಅಣುಗಳು, ದಪ್ಪ ಸುಮಾರು 5 ನ್ಯಾನೋಮೀಟರ್. ಆಮ್ಲಜನಕ ಇದನ್ನು ತಾನಾಗಿ ದಾಟುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಅಯಾನಿಗೆ (ವಿದ್ಯುದಂಶವಿರುವ ಕಣಕ್ಕೆ) ಅದು ಆಗದು: ಅದರ ವಿದ್ಯುದಂಶಕ್ಕೆ ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಅವನ್ನು ಕಳಚಿ ಕೊಬ್ಬಿನೊಳಗೆ ನುಗ್ಗಲು ತುಂಬ ಶಕ್ತಿ ಬೇಕು. ಗ್ಲುಕೋಸ್‌ಗೂ ವಾಹಕ ಪ್ರೋಟೀನ್ ಇಲ್ಲದೆ ದಾರಿಯಿಲ್ಲ. ಸಣ್ಣ ಕರುಳಿನಲ್ಲಿ ಆ ವಾಹಕದ ಹೆಸರು ಎಸ್‌ಜಿಎಲ್‌ಟಿ-1. ಎರಡು ಸೋಡಿಯಂ ಅಯಾನು ಬಂದು ಕೂತರೆ ಮಾತ್ರ ಅದು ಒಂದು ಗ್ಲುಕೋಸ್ ಅಣುವನ್ನು ಒಳಗೆ ಬಿಡುತ್ತದೆ. ಈ ಜೋಡಿ ಸಾಗಣೆಯನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು.

ಇದಕ್ಕೆ ಶಕ್ತಿ ಬರುವುದು ಕೋಶದ ಇನ್ನೊಂದು ಬದಿಯಿಂದ. ರಕ್ತದ ಕಡೆಗಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್ (ಕಣಗಳ ಸಂಖ್ಯೆಯ ಅಳತೆ) ಇದ್ದರೆ ಕೋಶದೊಳಗೆ ಬರೀ 10-15 ಇರುವುದು ಈ ಪಂಪಿನಿಂದಲೇ. ಆ ಇಳಿಜಾರಿನಲ್ಲಿ ಸೋಡಿಯಂ ಒಳಗೆ ಬರುವಾಗ ಗ್ಲುಕೋಸನ್ನೂ ಕರೆತರುತ್ತದೆ; ನೀರು ಹಿಂಬಾಲಿಸುತ್ತದೆ.

ಕಾಲರಾದ ವಿಷ ಉಪ್ಪಿನ ಇನ್ನೊಂದು ಅಂಶವಾದ ಕ್ಲೋರೈಡಿನ ಕಾಲುವೆಯನ್ನು ತೆರೆದಿಟ್ಟು ನೀರನ್ನು ಹೊರಗೆ ಸುರಿಸುತ್ತದೆ, ಆದರೆ ಈ ಜೋಡಿ ವಾಹಕವನ್ನು ಕೆಡಿಸುವುದಿಲ್ಲ. ಓಆರ್‌ಎಸ್ (ಭೇದಿಗೆ ಕುಡಿಸುವ ಉಪ್ಪು-ಗ್ಲುಕೋಸ್ ದ್ರಾವಣ) ನಿಂತಿರುವುದು ಈ ಒಂದು ಸಂಗತಿಯ ಮೇಲೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲುಕೋಸ್ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಅಪಾರ ಜೀವ ಉಳಿಸಿದರು.

2002ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲುಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಸೋಡಿಯಂ 75, ಗ್ಲುಕೋಸ್ 75 ಮಿಲಿಮೋಲ್. ಕರಗಿದ ಕಣಗಳನ್ನೆಲ್ಲ ಸೇರಿಸಿ ಒಟ್ಟು ಸಾಂದ್ರತೆ 245, ರಕ್ತಕ್ಕಿಂತ ತುಸು ತೆಳು. ಇದು ಕೆಡುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಲೀಟರಿನ ಪ್ಯಾಕೆಟನ್ನು ಒಂದೇ ಲೋಟಕ್ಕೆ ಹಾಕಿದರೆ ಸಾಂದ್ರತೆ ಐದು ಪಟ್ಟು ಏರಿ, ಕರುಳೇ ರಕ್ತದ ನೀರನ್ನು ಹೊರಗೆಳೆಯುತ್ತದೆ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. 200 ಮಿಲಿಲೀಟರಿನ ಸಣ್ಣ ಪ್ಯಾಕೆಟ್‌ಗಳೂ ಅಂಗಡಿಯಲ್ಲಿವೆ, ಆದ್ದರಿಂದ ಪ್ಯಾಕೆಟಿನ ಮೇಲೆ ಬರೆದ ಅಳತೆ ಓದಿಯೇ ಬೆರೆಸಿ. ಕಲಸಿದ ಮೇಲೆ ಕುದಿಸಬೇಡಿ, 24 ಗಂಟೆ ಕಳೆದರೆ ಚೆಲ್ಲಿ. ಕೋಲಾದಂಥ ಪಾನೀಯದಲ್ಲಿ ಲೀಟರಿಗೆ 100 ಗ್ರಾಂಗೂ ಮಿಕ್ಕಿ ಸಕ್ಕರೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದು ಭೇದಿಯನ್ನು ಹೆಚ್ಚಿಸುತ್ತದೆ.

ಬೊಂಡದ (ಎಳನೀರಿನ) ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಓಆರ್‌ಎಸ್ ಜೊತೆಗೆ ಕುಡಿಯಬಹುದು, ಅದರ ಬದಲಿಗೆ ಅಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬೊಂಡ ಮುಟ್ಟಬಾರದು.

ಗಂಜಿ ತಿಳಿ ಮಾತ್ರ ನಮ್ಮ ಹಿರಿಯರ ನಿಜವಾದ ಜಾಣ್ಮೆ. ಪಿಷ್ಟದ ಅಣು ದೊಡ್ಡದು, ಸಾಂದ್ರತೆ ಹೆಚ್ಚಿಸದು. ಕರುಳಿನಲ್ಲಿ ಸ್ವಲ್ಪ ಸ್ವಲ್ಪವೇ ಒಡೆದು ಗ್ಲುಕೋಸ್ ಕೊಡುತ್ತದೆ. ಆದರೆ ಉಪ್ಪು ಹಾಕದ ತಿಳಿಯಿಂದ ಹೆಚ್ಚು ಪ್ರಯೋಜನವಿಲ್ಲ. ಲೀಟರಿಗೆ ಅರ್ಧ ಟೀ ಚಮಚ ಪುಡಿಯುಪ್ಪು, ಅಂಚಿಗೆ ಸಮವಾಗಿ. ಕಲ್ಲುಪ್ಪಿನಲ್ಲಿ ಈ ಅಳತೆ ನಿಲ್ಲುವುದಿಲ್ಲ. ಆರು ತಿಂಗಳೊಳಗಿನ ಶಿಶುವಿಗೆ ಗಂಜಿ ಬೇಡ. ಎದೆಹಾಲು ಮತ್ತು ಓಆರ್‌ಎಸ್ ಸಾಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಓಆರ್‌ಎಸ್ 50-100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100-200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನ ಕೊಡಿ. ಮಗು ಮಂಕಾದರೆ, ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ತನ್ನಿ.