38ರಲ್ಲಿ ಅಲಿ ಸೋತರು, ಉಸಿಕ್ ಗೆದ್ದರು: ಹಾಗಾದ್ರೆ ಯಾರು ಮೇಲು?

ಓದುಗರ ಪ್ರಶ್ನೆ: ಮುಹಮ್ಮದ್ ಅಲಿ 38ನೇ ವಯಸ್ಸಿನಲ್ಲಿ ಲ್ಯಾರಿ ಹೋಮ್ಸ್ ಕೈಯಲ್ಲಿ ಹೀನಾಯವಾಗಿ ಸೋತರು. ಅದೇ ವಯಸ್ಸಿನಲ್ಲಿ ಉಕ್ರೇನಿನ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್, ತನಗಿಂತ ಹತ್ತು ವರ್ಷ ಚಿಕ್ಕವರಾದ ಡೇನಿಯಲ್ ಡುಬೊವಾರನ್ನು ಐದನೇ ರೌಂಡಿನಲ್ಲೇ ನಾಕೌಟ್ ಮಾಡಿದರು. ಕೊನೆಗಾಲದ ಲೆಕ್ಕದಲ್ಲಿ ಉಸಿಕ್ ಅಲಿಗಿಂತ ಮೇಲು ಅಂತಲೇ ಅಲ್ವಾ?

ಕೊನೆಗಾಲದ ಫಲಿತಾಂಶ ಮಾತ್ರ ನೋಡಿದರೆ ಹೌದು, ಉಸಿಕ್ ಮೇಲು. ಅದರಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಅದರಿಂದ ಉಸಿಕ್ ಅಲಿಗಿಂತ ದೊಡ್ಡ ಬಾಕ್ಸರ್ ಅನ್ನೋ ತೀರ್ಮಾನಕ್ಕೆ ಜಿಗಿಯೋದು ತಪ್ಪು. ಇಬ್ಬರೂ ಹುಟ್ಟಿದ್ದು ಜನವರಿ 17ರಂದೇ, ಅಲಿ 1942ರಲ್ಲಿ, ಉಸಿಕ್ 1987ರಲ್ಲಿ. ಅದಕ್ಕೇ ಈ ಹೋಲಿಕೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ನನ್ನ ಪ್ರಕಾರ ಬಾಕ್ಸರ್‌ಗಳ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬಾರದು, ತಿಂದ ಏಟಿನಿಂದ ಎಣಿಸಬೇಕು.

1980ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಹೋಮ್ಸ್ ಎದುರು ನಿಂತಾಗ ಅದು ಅಲಿಗೆ 60ನೇ ವೃತ್ತಿಪರ ಪಂದ್ಯ. ಡುಬೊವಾ ಪಂದ್ಯ ಉಸಿಕ್‌ಗೆ 24ನೆಯದು, 2025ರ ಜುಲೈನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಡೆಯಿತು. ಅಲಿ ತಮ್ಮ 24ನೇ ಪಂದ್ಯ ಆಡಿದ್ದೂ ಲಂಡನ್‌ನಲ್ಲೇ, 1966ರಲ್ಲಿ, ಹೆನ್ರಿ ಕೂಪರ್ ವಿರುದ್ಧ. ಆಗ ಅವರ ವಯಸ್ಸು ಬರೀ 24! ಅಲ್ಲಿಂದ ಮುಂದೆ ಅವರು ಏನೆಲ್ಲ ಅನುಭವಿಸಿದರು ನೋಡಿ. ಜೋ ಫ್ರೇಜಿಯರ್ ಜೊತೆ ಮೂರು ಪಂದ್ಯ, ಒಟ್ಟು 41 ರೌಂಡ್. ಕೆನ್ ನಾರ್ಟನ್ ಜೊತೆ ಮೂರು, 39 ರೌಂಡ್. ಅಂದರೆ ಈ ಇಬ್ಬರ ಎದುರೇ 80 ರೌಂಡ್, ಅದರಲ್ಲಿ ಒಂದು ಪಂದ್ಯದಲ್ಲಿ ಅಲಿಯ ದವಡೆ ಮುರಿದಿತ್ತು. ಜಾರ್ಜ್ ಫೋರ್‌ಮನ್ ಜೊತೆಗಿನ ಪಂದ್ಯ ಕೂಡ ಆ ನಡುವೆಯೇ ಬಂತು. 1977ರಲ್ಲಿ ಅರ್ನಿ ಶೇವರ್ಸ್‌ನಂಥ ಭಯಂಕರ ಗುದ್ದಿನ ಬಾಕ್ಸರ್ ಜೊತೆ 15 ರೌಂಡ್ ಆಡಿದ ಮೇಲೆ ಅಲಿಯ ಡಾಕ್ಟರ್ ಫರ್ಡಿ ಪಚೇಕೊ ತಂಡವನ್ನೇ ಬಿಟ್ಟು ಹೋದರು, ಇನ್ನು ಆಡಬೇಡಿ ಅಂದರೂ ಅಲಿ ಕೇಳಲಿಲ್ಲ ಅಂತ.

ಸಾಲದ್ದಕ್ಕೆ, ಹೋಮ್ಸ್ ಪಂದ್ಯಕ್ಕೆ ಮುಂಚೆ ಎರಡು ವರ್ಷ ಅಲಿ ರಿಂಗ್‌ಗೆ ಇಳಿದಿರಲಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಂಡು ತೂಕ ಇಳಿಸಿದ್ದರು. ನೋಡಲು ಹುರುಪಾಗಿ ಕಂಡರು, ಒಳಗೆ ಶಕ್ತಿಯೇ ಇರಲಿಲ್ಲ. ಹತ್ತನೇ ರೌಂಡ್ ಮುಗಿದಾಗ ತರಬೇತುದಾರ ಆಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಆ ಪಂದ್ಯ ನೋಡೋದು ಈಗಲೂ ಸಂಕಟ. ಹೋಮ್ಸ್‌ಗೆ ಆಗ 30, ಒಳ್ಳೆಯ ಫಾರ್ಮ್, ಮೇಲಾಗಿ ಹಿಂದೆ ಅಲಿಯ ಜೊತೆ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಮಾಡಿದವರು.

ಉಸಿಕ್ ಕೂಡ ಕಡಿಮೆ ಬೆವರು ಸುರಿಸಿದವರಲ್ಲ. ಬಹಳ ವರ್ಷ ಅಮೆಚೂರ್ (ಹವ್ಯಾಸಿ) ಆಗಿ ಆಡಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಆದರೆ ಅಲ್ಲಿ ಮೂರೇ ರೌಂಡ್, ಆಗ ತಲೆಗೆ ರಕ್ಷಣೆಯೂ ಇತ್ತು. ಜೊತೆಗೆ ಅವರ ಕಾಲಕ್ಕೆ ವಿಶ್ವ ಪಟ್ಟದ ಪಂದ್ಯ 15ರಿಂದ 12 ರೌಂಡಿಗೆ ಇಳಿದಿತ್ತು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ರಿಂಗ್‌ನಲ್ಲಿ ಬಿದ್ದು ತೀರಿಕೊಂಡ ಮೇಲೆ ಬಂದ ಬದಲಾವಣೆ ಅದು. ಕೊನೆಯ ಆ ಮೂರು ರೌಂಡ್‌ಗಳನ್ನು ಹಗುರವಾಗಿ ನೋಡಬೇಡಿ, ಸುಸ್ತಾದ ತಲೆಗೆ ಬೀಳುವ ಏಟುಗಳು ಅವೇ.

ಬಿಡುವಿನ ಲೆಕ್ಕವೂ ಇದೆ. ಜಾರ್ಜ್ ಫೋರ್‌ಮನ್ 1977ರಲ್ಲಿ ಬಾಕ್ಸಿಂಗ್ ಬಿಟ್ಟು 1987ರಲ್ಲಿ ವಾಪಸ್ ಬಂದರು. ಆ ಹತ್ತು ವರ್ಷ ಅವರ ತಲೆಗೆ ಒಂದು ಗುದ್ದೂ ಬೀಳಲಿಲ್ಲ. 1994ರಲ್ಲಿ, 45ನೇ ವಯಸ್ಸಿನಲ್ಲಿ, ಅಂಕದಲ್ಲಿ ಹಿಂದಿದ್ದರೂ ಹತ್ತನೇ ರೌಂಡಿನಲ್ಲಿ ಮೈಕೆಲ್ ಮೂರರ್‌ರನ್ನು ಬಲಗೈಯಿಂದ ಕೆಡವಿ ಮತ್ತೆ ಚಾಂಪಿಯನ್ ಆದರು. ಅಲಿಗೂ ಮೂರೂವರೆ ವರ್ಷ ಬಿಡುವು ಸಿಕ್ಕಿತ್ತು, ಆದರೆ ಅದು ನಿಷೇಧ, 25ರಿಂದ 28ರವರೆಗಿನ ಕಸುವಿನ ವರ್ಷಗಳನ್ನೇ ತಿಂದುಹಾಕಿತು. ಗುದ್ದಿನ ಬಲ ನಿಧಾನವಾಗಿ ಇಳಿಯುತ್ತದೆ, ಕಾಲಿನ ವೇಗ ಬೇಗ ಹೋಗುತ್ತದೆ. ಕೈ ಕೆಳಗಿಟ್ಟು ಹಿಂದಕ್ಕೆ ಬಾಗಿ ಏಟು ತಪ್ಪಿಸುತ್ತಿದ್ದ ಅಲಿಗೆ ಆ ವೇಗವೇ ರಕ್ಷಣೆ ಆಗಿತ್ತು.

ಇನ್ನು ಒಂದೇ ವಯಸ್ಸಿನ ಒಂದೇ ಪಂದ್ಯ ಹಿಡಿದು ಅಳೆಯೋದು ಎಷ್ಟು ಮೋಸ ಅನ್ನೋದಕ್ಕೆ ಹೋಮ್ಸ್ ಅವರೇ ಸಾಕ್ಷಿ. 1988ರಲ್ಲಿ, ಅವರೂ 38ರಲ್ಲಿದ್ದಾಗ, ಮೈಕ್ ಟೈಸನ್ ನಾಲ್ಕನೇ ರೌಂಡಿನಲ್ಲಿ ಅವರನ್ನು ಮಲಗಿಸಿದರು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ನಾಲ್ಕು ವರ್ಷದ ನಂತರ, 42ರಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದ ಒಲಿಂಪಿಕ್ ಚಿನ್ನದ ಹುಡುಗ ರೇ ಮರ್ಸರ್‌ರನ್ನು 12 ರೌಂಡ್ ಆಡಿಸಿ ಅಂಕದಲ್ಲಿ ಸೋಲಿಸಿದರು. ಎಲ್ಲ ಸೋಲೂ ಒಂದೇ ತೂಕದ್ದಲ್ಲ ಅನ್ನೋದನ್ನೂ ಸೇರಿಸಿ. 2017ರಲ್ಲಿ 41ರ ವ್ಲಾಡಿಮಿರ್ ಕ್ಲಿಚ್ಕೊ, ಆಂಥನಿ ಜೋಷುವಾರನ್ನು ಆರನೇ ರೌಂಡಿನಲ್ಲಿ ಕೆಡವಿ, ಕೊನೆಗೆ 11ನೆಯದರಲ್ಲಿ ಸೋತರು. ಅವರ ಎಷ್ಟೋ ಗೆಲುವುಗಳಿಗಿಂತ ಆ ಸೋಲೇ ನನಗೆ ದೊಡ್ಡದು.

ಹಾಗಾಗಿ ಉಸಿಕ್‌ರನ್ನು ಅಲಿ ಜೊತೆ ಇಡಲೇಬೇಕು ಅಂದರೆ, 24ನೇ ಪಂದ್ಯದ ಉಸಿಕ್‌ರನ್ನು 60ನೇ ಪಂದ್ಯದ ಅಲಿ ಪಕ್ಕ ಇಡಬೇಡಿ. 1966–67ರ ಅಲಿ ಪಕ್ಕ ಇಡಿ. ಅಲ್ಲಿ ನನ್ನ ಮತ ಅಲಿಗೆ. ಕೊನೆಗಾಲದ ಸಾಧನೆಗೆ ಮಾತ್ರ ಪಟ್ಟಿ ಮಾಡಿ ಅಂದರೆ ಫೋರ್‌ಮನ್ ಮೊದಲು, ಉಸಿಕ್ ನಂತರ, ಅವರ ಹಿಂದೆಯೇ ಹೋಮ್ಸ್. ಅಲಿ ಆ ಪಟ್ಟಿಗೆ ಬರೋದೇ ಇಲ್ಲ.